ಕತ್ತರಿ ಮತ್ತು ತಾತ್ಪರ್ಯ: ದೃಶ್ಯಸಂಕಲನದ ನೈತಿಕತೆಗೆ ಗ್ರಂಥಸಂಪಾದನೆಯ ಕೆಲವು ಪಾಠಗಳು

1

ಕನ್ನಡದಲ್ಲಿ ‘ಸಂಪಾದನೆ’ ಮತ್ತು ‘ಸಂಕಲನ’ ಎಂಬ ಮಾತುಗಳು ಬಹುಕಾಲ ಬರೆಹಕ್ಕೆ ಸಂಬಂಧಿಸಿದವಾಗಿದ್ದವು. ಹಸ್ತಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವುದು ಸಂಪಾದನೆ. ಬಿಡಿ ರಚನೆಗಳನ್ನು ಒಂದೆಡೆ ಕಲೆಹಾಕುವುದು ಸಂಕಲನ. ಚಲನಚಿತ್ರ ಬಂದ ಮೇಲೆ ಎರಡನೆಯ ಮಾತು ಚಿತ್ರಿಕೆಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೂ ಸಲ್ಲತೊಡಗಿತು. ಆದರೆ ಬರೆಹದ ಸಂಪಾದನೆಗೆ ನಾವು ವಿಧಿಸಿಕೊಂಡ ಶಿಸ್ತನ್ನು ದೃಶ್ಯದ ಸಂಕಲನಕ್ಕೆ ಅನ್ವಯಿಸಿ ನೋಡಿದ್ದು ಕಡಿಮೆ. ಕ್ಷೇತ್ರಕಾರ್ಯದ ಸಾಮಗ್ರಿ ಈಗ ಹೆಚ್ಚಾಗಿ ವಿಡಿಯೊ ರೂಪದಲ್ಲಿಯೇ ಸಂಗ್ರಹವಾಗುತ್ತಿರುವುದರಿಂದ ಈ ಪ್ರಶ್ನೆ ಮಾಧ್ಯಮದವರದು ಮಾತ್ರವಾಗಿ ಉಳಿದಿಲ್ಲ. ಒಂದು ಪ್ರಸಿದ್ಧ ಪ್ರಕರಣವನ್ನು ಮುಂದಿಟ್ಟುಕೊಂಡು, ಆಯ್ದು ತೋರಿಸುವುದರ ನೈತಿಕತೆಯನ್ನು ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅರ್ಧ ಹೇಳಿದ ಸತ್ಯದ ಸಮಸ್ಯೆ ಹೊಸದಲ್ಲ. ಮಹಾಭಾರತದ ದ್ರೋಣಪರ್ವದಲ್ಲಿ ಧರ್ಮರಾಯ ಅಶ್ವತ್ಥಾಮ ಸತ್ತನೆಂಬುದನ್ನು ಗಟ್ಟಿಯಾಗಿ ಹೇಳುತ್ತಾನೆ, ಸತ್ತದ್ದು ಆನೆ ಎಂಬುದನ್ನು ಅಸ್ಪಷ್ಟವಾಗಿ ನುಡಿಯುತ್ತಾನೆ. ಆಡಿದ ಮಾತುಗಳಲ್ಲಿ ಸುಳ್ಳು ಯಾವುದೂ ಇಲ್ಲ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ನೆಲಕ್ಕಿಳಿಯಿತೆಂದು ಕಾವ್ಯ ಹೇಳುತ್ತದೆ. ಮಾತಿನ ಸತ್ಯತೆಯನ್ನು ಅದು ಕೇಳುಗನಲ್ಲಿ ಉಂಟುಮಾಡುವ ತಿಳಿವಳಿಕೆಯಿಂದಲೂ ಅಳೆಯಬೇಕೆಂಬ ನಿಲುವು ಇಲ್ಲಿದೆ.

ಇದರ ಆಧುನಿಕ ನಿದರ್ಶನವಾಗಿ ಅಮೆರಿಕದ ಶರ್ಲಿ ಶೆರಾಡ್ ಪ್ರಕರಣವನ್ನು ನೋಡಬಹುದು. ಶೆರಾಡ್ ಅವರು ಜಾರ್ಜಿಯಾ ರಾಜ್ಯದಲ್ಲಿ ಅಲ್ಲಿನ ಕೇಂದ್ರ ಕೃಷಿ ಇಲಾಖೆಯ ಗ್ರಾಮೀಣಾಭಿವೃದ್ಧಿ ವಿಭಾಗದ ನಿರ್ದೇಶಕಿಯಾಗಿದ್ದ ಕಪ್ಪುವರ್ಣೀಯ ಮಹಿಳೆ. 2010ರ ಮಾರ್ಚ್ 27ರಂದು ಎನ್.ಎ.ಎ.ಸಿ.ಪಿ. ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ಸ್ಥಳೀಯ ಸಮಾರಂಭವೊಂದರಲ್ಲಿ ಅವರು ಸುಮಾರು 43 ನಿಮಿಷ ಮಾತನಾಡಿದರು. ಅದೇ ವರ್ಷ ಜುಲೈ 19ರಂದು ಆಂಡ್ರೂ ಬ್ರೈಟ್‌ಬಾರ್ಟ್ ಎಂಬ ಪ್ರಕಾಶಕರು ಆ ಭಾಷಣದ ಎರಡೂವರೆ ನಿಮಿಷದಷ್ಟು ಭಾಗವನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಸಹಾಯ ಕೇಳಿಬಂದ ಬಿಳಿಯ ರೈತನೊಬ್ಬನಿಗೆ ತಾನು ಪೂರ್ಣ ಮನಸ್ಸಿನಿಂದ ನೆರವಾಗಲಿಲ್ಲವೆಂದು ಶೆರಾಡ್ ಹೇಳುವುದು ಅದರಲ್ಲಿತ್ತು. ಅಂದೇ ಅವರಿಂದ ರಾಜೀನಾಮೆ ಪಡೆಯಲಾಯಿತು. ಕಾರನ್ನು ರಸ್ತೆಬದಿಗೆ ನಿಲ್ಲಿಸಿ ರಾಜೀನಾಮೆ ಕಳುಹಿಸುವಂತೆ ಒತ್ತಾಯಿಸಿದರೆಂದು ಅವರು ಆಮೇಲೆ ಹೇಳಿದರು. ಸಮಾರಂಭ ನಡೆಸಿದ ಸಂಸ್ಥೆಯೂ ಅವರನ್ನು ಖಂಡಿಸಿತು.

ಮರುದಿನ ಪೂರ್ಣ ಭಾಷಣ ಹೊರಬಂದಾಗ ಕಥೆಯ ಸ್ವರೂಪವೇ ಬೇರೆಯಾಗಿತ್ತು. ಆ ಘಟನೆ 1986ರದು. ಶೆರಾಡ್ ಆಗ ಸರ್ಕಾರಿ ಹುದ್ದೆಯಲ್ಲಿರಲಿಲ್ಲ, ರೈತರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿದ್ದರು. ಆ ರೈತನನ್ನು ಬಿಳಿಯ ವಕೀಲನೊಬ್ಬನಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದ ಅವರು, ವಕೀಲ ಏನೂ ಮಾಡಲಿಲ್ಲವೆಂದು ತಿಳಿದಾಗ ತಾವೇ ಮುಂದೆ ನಿಂತು ಅವನ ಜಮೀನು ಉಳಿಯಲು ನೆರವಾದರು. ಅವರ ತಂದೆ 1965ರಲ್ಲಿ ಬಿಳಿಯನೊಬ್ಬನ ಗುಂಡಿಗೆ ಬಲಿಯಾಗಿದ್ದರು. ಅಂಥ ಹಿನ್ನೆಲೆಯವರು ಬಡತನದ ಪ್ರಶ್ನೆ ಬಣ್ಣವನ್ನು ಮೀರಿದ್ದೆಂದು ಕಂಡುಕೊಂಡ ಬಗೆಯೇ ಭಾಷಣದ ವಸ್ತು. ಆ ರೈತ ದಂಪತಿಗಳೂ ಮಾಧ್ಯಮದ ಮುಂದೆ ಬಂದು ಶೆರಾಡ್ ತಮಗೆ ನೆರವಾದುದನ್ನು ದೃಢಪಡಿಸಿದರು. ಸಂಸ್ಥೆ ತನ್ನ ಹೇಳಿಕೆಯನ್ನು ಹಿಂತೆಗೆದುಕೊಂಡಿತು. ಜುಲೈ 21ರಂದು ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸ್ಯಾಕ್ ಕ್ಷಮೆ ಕೇಳಿ ಬೇರೆ ಹುದ್ದೆ ನೀಡಲು ಮುಂದಾದರು. ಶೆರಾಡ್ ಅದನ್ನು ಒಪ್ಪಲಿಲ್ಲ. ಅವರು 2011ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆ 2015ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು.

3

ಗ್ರಂಥಸಂಪಾದಕನ ದೃಷ್ಟಿಯಿಂದ ನೋಡಿದರೆ ಈ ತುಣುಕಿನಲ್ಲಿ ಎರಡು ಬಗೆಯ ದೋಷಗಳಿವೆ. ಮೊದಲನೆಯದು ಗ್ರಂಥಪಾತ: ಘಟನೆಯ ಮುಂದಿನ ಭಾಗ ಬಿಟ್ಟುಹೋಗಿದೆ, ಬಿಟ್ಟಿರುವುದರ ಗುರುತೂ ಇಲ್ಲ. ಎರಡನೆಯದು ಪ್ರಕ್ಷೇಪ: ಶೆರಾಡ್ ತಮ್ಮ ಸರ್ಕಾರಿ ಹುದ್ದೆಯಲ್ಲಿ ಜನಾಂಗಭೇದ ಮಾಡುತ್ತಾರೆಂಬ ಅರ್ಥದ ಬರೆಹವನ್ನು ತುಣುಕಿನ ಆರಂಭಕ್ಕೆ ಸೇರಿಸಲಾಗಿತ್ತು. ಇಪ್ಪತ್ತನಾಲ್ಕು ವರ್ಷ ಹಿಂದಿನ ಘಟನೆ ಇದರಿಂದ ವರ್ತಮಾನದ ಅಪರಾಧವಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಬಡವ-ಬಲ್ಲಿದರ ಭೇದವೇ ಮುಖ್ಯವೆಂದು ತಮಗೆ ಹೊಳೆಯಿತೆಂಬ ಮಾತು ಆ ತುಣುಕಿನ ಕೊನೆಯಲ್ಲಿಯೂ ಉಳಿದಿತ್ತು. ಆದರೂ ತೀರ್ಪು ಕೊಟ್ಟವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಕ್ಷಿಪ್ತವಾದ ಪೀಠಿಕೆ ಮೂಲದ ಮಾತನ್ನು ಓದುವ ರೀತಿಯನ್ನೇ ಬದಲಾಯಿಸಬಲ್ಲದೆಂಬುದು ಇದರಿಂದ ಸ್ಪಷ್ಟ.

ವಾಕ್ಯಸಮುದಾಯದ ತಾತ್ಪರ್ಯವನ್ನು ನಿರ್ಣಯಿಸಲು ಭಾರತೀಯ ವ್ಯಾಖ್ಯಾನ ಪರಂಪರೆ ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳುತ್ತದೆ. ಆರಂಭ ಮತ್ತು ಮುಕ್ತಾಯಗಳ ಸಾಮರಸ್ಯ ಇವುಗಳಲ್ಲಿ ಮೊದಲನೆಯದು. ಶೆರಾಡ್ ಅವರ ತಪ್ಪೊಪ್ಪಿಗೆ ಕಥನದ ಉಪಕ್ರಮ. ಜಮೀನು ಉಳಿದುದು ಅದರ ಉಪಸಂಹಾರ. ಉಪಕ್ರಮವನ್ನು ಇಟ್ಟುಕೊಂಡು ಉಪಸಂಹಾರವನ್ನು ಕೈಬಿಟ್ಟಾಗ ಪಶ್ಚಾತ್ತಾಪದ ಮಾತು ಅಹಂಕಾರದ ಮಾತಾಗಿ ಕೇಳಿಸುತ್ತದೆ.

4

ಇದಕ್ಕೆ ಒಂದು ಆಕ್ಷೇಪವಿದೆ. ಸಂಕಲನವೆಂದರೆ ಆಯ್ಕೆಯೇ, ಇಡೀ ಕಥೆ ಹೇಳುವುದು ಯಾರಿಗೂ ಸಾಧ್ಯವಿಲ್ಲ, ಕ್ಯಾಮರಾ ಇಟ್ಟ ಜಾಗವೂ ಒಂದು ಆಯ್ಕೆ ಎಂಬುದು ಅದರ ಸಾರ. ಇದು ನಿಜ. ಆದರೆ ಇದರಿಂದ ಎಲ್ಲ ಆಯ್ಕೆಗಳೂ ಸಮಾನವೆಂದು ಸಿದ್ಧವಾಗುವುದಿಲ್ಲ. ಶೂನ್ಯಸಂಪಾದನೆಯ ಕರ್ತೃಗಳು ಬಿಡಿವಚನಗಳನ್ನು ಆಯ್ದು ಸಂವಾದದ ಸಂದರ್ಭಗಳಲ್ಲಿ ಜೋಡಿಸಿದರು. ಆ ಸಂದರ್ಭಗಳು ಬಹುಮಟ್ಟಿಗೆ ಸಂಪಾದಕರ ಕಲ್ಪನೆ. ಆದರೆ ಅಲ್ಲಿ ಸಂಪಾದಕನ ಗದ್ಯ ಬೇರೆ, ಅಂಕಿತ ಹೊತ್ತ ವಚನ ಬೇರೆ ಎಂದು ಓದುಗ ಗುರುತಿಸಬಲ್ಲ. ಆ ವಚನಗಳು ಬೇರೆ ಕಟ್ಟುಗಳಲ್ಲಿಯೂ ಉಳಿದಿವೆ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಎಂಬ ನಾಲ್ವರ ಪರಿಷ್ಕರಣಗಳು ದೊರೆಯುವುದರಿಂದ ಒಬ್ಬನ ಆಯ್ಕೆಯನ್ನು ಇನ್ನೊಬ್ಬನದರೊಂದಿಗೆ ಹೋಲಿಸಬಹುದು. ಹೀಗಾಗಿ ನೈತಿಕತೆಯ ಪ್ರಶ್ನೆ ಆಯ್ದರೇ ಎಂಬುದಲ್ಲ. ಆಯ್ದುದನ್ನು ಮತ್ತೊಬ್ಬರು ಪರೀಕ್ಷಿಸಲು ಅವಕಾಶ ಉಳಿಸಿದರೇ ಎಂಬುದು.

5

ಈ ಮಾತನ್ನು ಹೊರಗಿನವರಿಗೆ ಹೇಳಿ ಮುಗಿಸುವಂತಿಲ್ಲ. ಸಂಶೋಧನೆಯ ಆರಂಭದಲ್ಲಿ ನಾನು ಸೋಬಾನೆ ಹಾಡುವ ಹಿರಿಯರೊಬ್ಬರನ್ನು ಎರಡು ಗಂಟೆಗೂ ಹೆಚ್ಚು ಕಾಲ ಚಿತ್ರೀಕರಿಸಿ, ವಿಚಾರಸಂಕಿರಣಕ್ಕಾಗಿ ಅದನ್ನು ಹನ್ನೆರಡು ನಿಮಿಷಕ್ಕೆ ಇಳಿಸಿದ್ದೆ. ಸೊಸೆಯಂದಿರಿಗೆ ಹಾಡು ಕಲಿಸಲಿಲ್ಲವೆಂಬ ಅವರ ಮಾತು ಅದರಲ್ಲಿ ಉಳಿಯಿತು. ಸೊಸೆಯರು ಬೆಳಗಾಗುವ ಮುಂಚೆ ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಾರೆ, ದಣಿದವರನ್ನು ಹಾಡಲು ಕೂರಿಸಲು ಮನಸ್ಸು ಬರಲಿಲ್ಲ ಎಂದು ಅವರು ಮುಂದುವರಿಸಿದ್ದು ಸಮಯದ ಅಭಾವದಿಂದ ಹೋಯಿತು. ಸಭೆಯಲ್ಲಿ ಚರ್ಚೆ ನಡೆದದ್ದು ಕಲಾವಿದರು ವಿದ್ಯೆಯನ್ನು ಬಚ್ಚಿಡುವ ಪ್ರವೃತ್ತಿಯ ಬಗ್ಗೆ. ನಾನೂ ತಿದ್ದಲಿಲ್ಲ. ತಿಂಗಳುಗಳ ಅನಂತರ ಊರಿಗೆ ಹೋಗಿ ಅದನ್ನು ತೋರಿಸಿದಾಗ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ನಾನು ಅಷ್ಟೇ ಅಂದಿದ್ನಾ ಮಗಾ?” ಪಕ್ಕದಲ್ಲಿ ಹಿರಿಯ ಸೊಸೆ ಕುಳಿತಿದ್ದರು. ಪೂರ್ಣ ಚಿತ್ರಿಕೆಯನ್ನು ಜಾಗ ಸಾಲದೆ ಅಷ್ಟರಲ್ಲಿ ಅಳಿಸಿಬಿಟ್ಟಿದ್ದರಿಂದ, ಅವರು ಇನ್ನೂ ಹೇಳಿದ್ದರೆಂಬುದಕ್ಕೆ ನನ್ನ ಮಾತಲ್ಲದೆ ಬೇರೆ ಆಧಾರ ಉಳಿದಿರಲಿಲ್ಲ.

6

ಈ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ಚರ್ಚೆಗಾಗಿ ಮುಂದಿಡಬಹುದು.

ಒಂದು: ಸಂಕಲನಗೊಂಡ ಚಿತ್ರದೊಂದಿಗೆ ಪೂರ್ಣ ಚಿತ್ರಿಕೆಯನ್ನೂ ಕ್ರಮಸಂಖ್ಯೆ ನೀಡಿ ವಿಭಾಗದಲ್ಲಿ ಕಾಪಿಡಬೇಕು. ಮೂಲಪ್ರತಿಯನ್ನು ನಾಶಮಾಡಿ ಪರಿಷ್ಕೃತ ಪಾಠವನ್ನು ಮುದ್ರಿಸುವ ಗ್ರಂಥಸಂಪಾದಕನನ್ನು ನಾವು ಒಪ್ಪುವುದಿಲ್ಲ.

ಎರಡು: ಮಾತನ್ನು ಕತ್ತರಿಸಿದ ಕಡೆ ನೋಡುಗನಿಗೆ ತಿಳಿಯುವ ಗುರುತಿರಬೇಕು. ಲುಪ್ತಭಾಗವನ್ನು ಚುಕ್ಕೆಗಳಿಂದ ಸೂಚಿಸುವ ಪದ್ಧತಿ ಇದಕ್ಕೆ ಮಾದರಿ.

ಮೂರು: ಸಂಶೋಧಕನ ವಿವರಣೆಯನ್ನು ವಕ್ತೃವಿನ ಮಾತಿನಿಂದ ಸ್ಪಷ್ಟವಾಗಿ ಬೇರ್ಪಡಿಸಬೇಕು.

ನಾಲ್ಕು: ಪ್ರಕಟಣೆಗೆ ಮುನ್ನ ಚಿತ್ರವನ್ನು ವಕ್ತೃವಿಗೆ ತೋರಿಸಬೇಕು. ಮನೆಯ ಸಂಗತಿಯೊಂದನ್ನು ಕೈಬಿಡಲು ಅವರೇ ಕೇಳಿದರೆ ಕೈಬಿಡುವುದು ವಿರೂಪವಲ್ಲ. ಇಡೀ ಕಥೆ ಹೇಳುವ ಹಟವೂ ಕೆಲವೊಮ್ಮೆ ಹಿಂಸೆಯಾಗಬಲ್ಲದು. ಅಲ್ಲಿ ಅವರ ಒಪ್ಪಿಗೆಯೇ ಪ್ರಮಾಣ.

ಹಸ್ತಪ್ರತಿಯ ಲಿಪಿಕಾರ ತಪ್ಪಿದಾಗ ತಿದ್ದಲು ಬೇರೆ ಪ್ರತಿಗಳಿರುತ್ತವೆ. ಕ್ಷೇತ್ರದಲ್ಲಿ ಒಮ್ಮೆ ಆಡಿದ ಮಾತಿಗೆ ಬಹುಪಾಲು ಇರುವುದು ಒಂದೇ ಪ್ರತಿ, ಅದೂ ಸಂಶೋಧಕನ ಕೈಯಲ್ಲಿ. ಶೆರಾಡ್ ಅವರ ಮಾನ ಉಳಿದದ್ದು 43 ನಿಮಿಷಗಳ ಪ್ರತಿ ಎಲ್ಲೋ ಇದ್ದುದರಿಂದ. ನಮ್ಮ ವಕ್ತೃಗಳಿಗೂ ಅಂಥ ಪ್ರತಿಯೊಂದನ್ನು ಉಳಿಸಿಕೊಡುವುದು ಅವರ ಹಾಡು, ಕಥೆಗಳಿಂದ ಪದವಿ ಪಡೆಯುವ ನಮ್ಮ ಕನಿಷ್ಠ ಹೊಣೆ.