ಕಾಯಿಸಿದರೆ ಕುಗ್ಗುವ ಹಾಳೆ

ಕಾಯಿಸಿದ ವಸ್ತು ಹಿಗ್ಗುತ್ತದೆಂಬುದು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಕಲಿತ ಪಾಠ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟೆ ತೊಡಿಸುವ ಮುನ್ನ ಕಮ್ಮಾರನು ಅದನ್ನು ಕೆಂಪಗೆ ಕಾಯಿಸುತ್ತಿದ್ದುದು ಇದೇ ಕಾರಣಕ್ಕೆ. 4 ಮೀಟರ್ ಸುತ್ತಳತೆಯ ಪಟ್ಟೆಯ ಉಷ್ಣತೆಯನ್ನು 500 ಡಿಗ್ರಿ ಸೆಲ್ಸಿಯಸ್ ಏರಿಸಿದರೆ ಅದು ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ. ಹೀಗಿರುವಲ್ಲಿ, ಬಿಸಿ ತಾಗಿದೊಡನೆ ಅರ್ಧಕ್ಕಿಂತಲೂ ಕಿರಿದಾಗುವ ಹಾಳೆಯೊಂದುಂಟು ಎಂದರೆ, ನಾವು ಕಲಿತ ಪಾಠ ತಪ್ಪೆ?

ಅಂತಹ ಹಾಳೆ ನಿಜವಾಗಿಯೂ ಉಂಟು. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದು. ಅದರ ಮೇಲೆ ರಬ್ಬರ್ ಮುದ್ರೆಯೊತ್ತಿ, ಬಣ್ಣ ತುಂಬಿ, ಕತ್ತರಿಸಿ ಕಾಯಿಸಿದರೆ ಬೀಗದ ಕೈ ಗೊಂಚಲಿಗೋ ಕೊರಳ ಸರಕ್ಕೋ ಒಪ್ಪುವ ಪುಟ್ಟ ಬಿಲ್ಲೆ ಸಿದ್ಧವಾಗುತ್ತದೆ. 1973ರಲ್ಲಿ ಅಮೆರಿಕದ ಬೆಟ್ಟಿ ಮಾರಿಸ್ ಎಂಬಾಕೆ ಇದನ್ನು ‘ಶ್ರಿಂಕಿ ಡಿಂಕ್ಸ್’ ಎಂಬ ಮಕ್ಕಳ ಆಟಿಕೆಯಾಗಿ ರೂಪಿಸಿದರು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಮ್ಮ ವಿದ್ಯಾರ್ಥಿಗಳಿಗೆ ಚಿತ್ರಗಳ ಕೊರತೆಯಿಲ್ಲ: ಮಧುಗಿರಿಯ ಏಕಶಿಲಾ ಬೆಟ್ಟ, ಸಿರಾದ ಜುಮ್ಮಾ ಮಸೀದಿ, ಕೊರಟಗೆರೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ, ಯಾವುದನ್ನಾದರೂ ಮುದ್ರೆಯಾಗಿ ಕೊರೆಯಬಹುದು.

ಹಾಳೆ ಕುಗ್ಗುವುದೇಕೆ? ಪಾಲಿಸ್ಟೈರೀನಿನ ಅಣುಗಳು ಬಲು ಉದ್ದವಾದ ಸರಪಣಿಗಳು. ಸಹಜಸ್ಥಿತಿಯಲ್ಲಿ ಅವು ಸಿಕ್ಕುಬಿದ್ದ ನೂಲಿನಂತೆ ಮುದುರಿಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಬಿಸಿಯಾಗಿ ಮೆತ್ತಗಿರುವ ಹಾಳೆಯನ್ನು ಉದ್ದಕ್ಕೂ ಅಗಲಕ್ಕೂ ಎಳೆದು, ಎಳೆದಂತೆಯೇ ತಣಿಸುತ್ತಾರೆ. ಆಗ ಸರಪಣಿಗಳು ನೀಳವಾದ ಸ್ಥಿತಿಯಲ್ಲಿಯೇ ಸೆರೆಯಾಗುತ್ತವೆ. ಉಷ್ಣತೆ ಸುಮಾರು 100 ಡಿಗ್ರಿಯನ್ನು ದಾಟಿದಾಗ ಸೆರೆ ಸಡಿಲಿ, ಅವು ಮರಳಿ ಮುದುರುತ್ತವೆ. ಆದುದರಿಂದ ಹಾಳೆ ಹೊಸದಾಗಿ ಕುಗ್ಗುವುದಿಲ್ಲ. ತನ್ನ ಮೊದಲಿನ ಆಕಾರಕ್ಕೆ ಹಿಂದಿರುಗುತ್ತದೆ.

ಇದರ ಸೋದರ ಪ್ರಯೋಗವೊಂದನ್ನು ಮನೆಯಲ್ಲಿಯೇ ಮಾಡಬಹುದು. ರಬ್ಬರ್ ಪಟ್ಟಿಗೆ ತೂಕವೊಂದನ್ನು ಕಟ್ಟಿ ಚೆನ್ನಾಗಿ ಹಿಗ್ಗುವಂತೆ ತೂಗುಹಾಕಿ, ಪಟ್ಟಿಯನ್ನು ಬಿಸಿನೀರಿನಿಂದ ಕಾಯಿಸಿದರೆ ತೂಕವು ಕೊಂಚ ಮೇಲೇರುತ್ತದೆ. ಎಳೆದ ರಬ್ಬರಿನ ಈ ಗುಣವನ್ನು ಜಾನ್ ಗಫ್ ಎಂಬ ಇಂಗ್ಲಿಷ್ ವಿದ್ವಾಂಸರು 1805ರಲ್ಲಿಯೇ ವರದಿ ಮಾಡಿದ್ದರು.

ಇನ್ನು ಲೆಕ್ಕ. 10 ಸೆಂಟಿಮೀಟರ್ ಬದಿಯ ಚೌಕವು 4 ಸೆಂಟಿಮೀಟರಿಗೆ ಇಳಿಯಿತೆನ್ನೋಣ. ವಿಸ್ತೀರ್ಣ 100ರಿಂದ 16 ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ವಸ್ತು ಎಲ್ಲಿಗೂ ಹೋಗಿಲ್ಲವಾದ್ದರಿಂದ ದಪ್ಪವು ಆರು ಪಟ್ಟಿಗೂ ಮಿಗಿಲಾಗಿ ಏರಬೇಕು: 0.3 ಮಿಲಿಮೀಟರಿನ ಹಾಳೆ ಸುಮಾರು 1.9 ಮಿಲಿಮೀಟರಿನ ಬಿಲ್ಲೆಯಾಗುತ್ತದೆ. ಬಣ್ಣವೂ ಅಷ್ಟೇ ಪಟ್ಟು ಒತ್ತಾಗುವುದರಿಂದ ಮೊದಲು ತೆಳುವಾಗಿಯೇ ಹಚ್ಚಬೇಕು. 2 ಸೆಂಟಿಮೀಟರಿನ ಚಿತ್ರ ಬೇಕಾದರೆ ಮುದ್ರೆ 5 ಸೆಂಟಿಮೀಟರಿನದಿರಬೇಕು. ದಾರದ ರಂಧ್ರವನ್ನು ಕಾಯಿಸುವ ಮೊದಲೇ ಕೊರೆಯಬೇಕು. 6 ಮಿಲಿಮೀಟರಿನ ರಂಧ್ರ 2.4 ಮಿಲಿಮೀಟರಿಗೆ ಇಳಿಯುತ್ತದೆ.

ಒಮ್ಮೆ ನಾವು ಈ ಲೆಕ್ಕವನ್ನೇ ನಂಬಿ ಮಧುಗಿರಿಯ ಬೆಟ್ಟವನ್ನು ಒತ್ತಿದೆವು. ಹೊರಬಂದದ್ದು ಬೆಟ್ಟವಲ್ಲ, ಸಪೂರವಾದ ಗೋಪುರ! ಹಾಳೆಯನ್ನು ಎರಡು ದಿಕ್ಕುಗಳಲ್ಲಿಯೂ ಸಮನಾಗಿ ಎಳೆದಿರಲಿಲ್ಲ. ಹೆಚ್ಚು ಎಳೆದ ಕಡೆ ಹೆಚ್ಚು ಕುಗ್ಗಿತು. ಅಂದಿನಿಂದ ಪ್ರತಿ ಹಾಳೆಯಿಂದಲೂ ಒಂದು ಪುಟ್ಟ ಚೌಕವನ್ನು ಕತ್ತರಿಸಿ, ದಿಕ್ಕನ್ನು ಗುರುತು ಮಾಡಿ, ಕಾಯಿಸಿ ಅಳೆದ ಮೇಲೆಯೇ ಮುದ್ರೆಯ ಅಳತೆಯನ್ನು ನಿರ್ಧರಿಸುತ್ತೇವೆ.

ನುಣುಪಾದ ಹಾಳೆಗೆ ಬಣ್ಣದ ಪೆನ್ಸಿಲ್ ಹಿಡಿಯದು. ನಯವಾದ ಉಪ್ಪುಕಾಗದದಿಂದ ಮೊದಲು ಉಜ್ಜಬೇಕು. ಮುದ್ರೆಯನ್ನು ಜಾರಿಸದೆ ನೇರವಾಗಿ ಎತ್ತಿ, ಶಾಯಿ ಪೂರ್ಣ ಒಣಗಲು ಬಿಡಬೇಕು. ಸುಮಾರು 160 ಡಿಗ್ರಿಯ ವಿದ್ಯುತ್ ಒಲೆಯಲ್ಲಿ ಹಾಳೆ ಮೊದಲು ಸುರುಳಿಯಾಗಿ, ಕೆಲವು ನಿಮಿಷಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಹೊರತೆಗೆದೊಡನೆ ಸಮತಟ್ಟಾದ ಹಲಗೆಯಿಂದ ಒತ್ತಿದರೆ ಹಾಗೆಯೇ ಗಟ್ಟಿಯಾಗುತ್ತದೆ. ಬೆಂಕಿಯ ಉರಿಗೆ ಮಾತ್ರ ಎಂದಿಗೂ ಹಿಡಿಯಬಾರದು. ಸುಟ್ಟ ಪಾಲಿಸ್ಟೈರೀನಿನ ಹೊಗೆ ವಿಷಕಾರಿ. ಕಿಟಕಿಗಳು ತೆರೆದಿರಲಿ, ಹಿರಿಯರು ಜೊತೆಗಿರಲಿ, ಅಡುಗೆಯ ಪಾತ್ರೆಗಳು ದೂರವಿರಲಿ.

ಹಾಗಾದರೆ ಮೊದಲ ಪಾಠ ತಪ್ಪೆ? ಇಲ್ಲ. ಉದ್ದ, ಅಗಲ, ದಪ್ಪ ಮೂರನ್ನೂ ಸೇರಿಸಿ ನೋಡಿದರೆ ಬಿಸಿಯಾದ ಬಿಲ್ಲೆಯ ಗಾತ್ರವು ಕಿಂಚಿತ್ ಹಿಗ್ಗಿಯೇ ಇರುತ್ತದೆ. ನಾವು ಎರಡು ಬದಿಗಳನ್ನು ನೋಡಿ ಮೂರನೆಯದನ್ನು ಮರೆತಿದ್ದೆವು, ಅಷ್ಟೆ. ನಿಯಮವನ್ನು ಸಂದೇಹಿಸುವ ಮೊದಲು ನಮ್ಮ ಅಳತೆ ಪೂರ್ಣವಾಗಿದೆಯೇ ಎಂದು ಕೇಳಿಕೊಳ್ಳುವುದು ಲೇಸು.