ತಗಡು ನೋಡಿ ದರ ಹೇಳು

ಹಳೇ ಕಾರು ಕೊಳ್ಳಲು ಹೊರಟಿದ್ದೀಯ, ಒಳ್ಳೆಯದೇ. ಮೊದಲ ಸಂಬಳದ ಹುರುಪಿನಲ್ಲಿ ಏಳು ವರ್ಷದ ಸಾಲಕ್ಕೆ ಕೊರಳು ಕೊಡುವುದಕ್ಕಿಂತ ಹತ್ತು ಹನ್ನೆರಡು ವರ್ಷ ಓಡಿದ ಒಂದು ಗಟ್ಟಿ ಗಾಡಿ ವಾಸಿ. ಆದರೆ ಬೆಂಗಳೂರಿನ ಗೆಳೆಯ ಮೊಬೈಲಿನಲ್ಲಿ ತೋರಿಸಿದ ದರ ಹಿಡಿದುಕೊಂಡು ಹೊನ್ನಾವರದಲ್ಲಿ ವ್ಯಾಪಾರಕ್ಕೆ ಕೂರಬೇಡ. ಬೆಂಗಳೂರಿನವರ ಲೆಕ್ಕ ಯಾವ ವರ್ಷದ್ದು, ಎಷ್ಟು ಓಡಿದೆ, ಎಷ್ಟನೇ ಓನರ್ ಎಂಬ ಮೂರರ ಮೇಲೆ ನಿಂತಿದೆ. ಭಟ್ಕಳದಿಂದ ಕುಮಟೆಯವರೆಗಿನ ಈ ಕರಾವಳಿ ಪಟ್ಟಿಯಲ್ಲಿ ಆ ಮೂರೂ ಆಮೇಲಿನ ಮಾತು. ಇಲ್ಲಿ ಮೊದಲು ತಗಡು.

ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಗೇರ್‌ಬಾಕ್ಸ್ ಹೋದರೆ ಹುಬ್ಬಳ್ಳಿಯ ಗುಜರಿಯಲ್ಲೋ ಮಂಗಳೂರಿನಲ್ಲೋ ಇನ್ನೊಂದು ಸಿಕ್ಕೀತು. ಕಡಲ ಗಾಳಿಯ ಉಪ್ಪು, ಅದರ ಮೇಲೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಇವೆರಡೂ ಸೇರಿ ತಿಂದ ತಗಡನ್ನು ಮಾತ್ರ ಯಾವ ಗ್ಯಾರೇಜಿನವನೂ ಮೊದಲಿನಂತೆ ಮಾಡಿಕೊಡಲಾರ. ಅವನು ಕತ್ತರಿಸಿ, ತೇಪೆ ಬೆಸುಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಯುತ್ತಾನೆ. ಎರಡು ಮಳೆಗಾಲಕ್ಕೆ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಅದೇ ಮಾಡೆಲ್ಲು, ಅದೇ ವರ್ಷದ ಎರಡು ಕಾರುಗಳಲ್ಲಿ ಒಂದು ಶಿರಸಿಯಲ್ಲಿ ಮನೆಯ ಮಾಡಿನಡಿ ಬೆಳೆದದ್ದು, ಇನ್ನೊಂದು ಕಾಸರಕೋಡು ಬಂದರಿನ ಬದಿ ಬಯಲಲ್ಲೇ ನಿಂತದ್ದು ಎಂದರೆ ಅವುಗಳ ದರ ಒಂದೇ ಆಗಲು ಸಾಧ್ಯವಿಲ್ಲ.

ತಗಡು ನೋಡುವುದು ಹೀಗೆ. ಬೆಳಗಿನ ಬಿಸಿಲಲ್ಲಿ ಹೋಗು; ಸಂಜೆ ಟ್ಯೂಬ್‌ಲೈಟಿನಡಿ ಎಲ್ಲ ಕಾರೂ ಮದುಮಗನೇ. ಆಗಷ್ಟೇ ತೊಳೆದು ಪಾಲಿಶ್ ಹೊಡೆದಿದ್ದರೆ ನೀರು ಆರುವವರೆಗೆ ಕಾಯಿ. ಬಾಗಿಲು ತೆಗೆದು ಚೌಕಟ್ಟಿನ ಸುತ್ತಲಿನ ರಬ್ಬರ್ ಬೀಡಿಂಗನ್ನು ಬೆರಳಲ್ಲಿ ಎಳೆದು ನೋಡು. ಕಾರ್ಖಾನೆಯ ಬೆಸುಗೆಯ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲಾಗಿ ಕಾಣಬೇಕು. ಸಾಲು ತಪ್ಪಿದ್ದರೆ ಅಲ್ಲಿ ಯಾರದೋ ಕೈ ಆಡಿದೆ ಎಂದೇ ಅರ್ಥ. ಬಾಗಿಲಿನ ಕೆಳ ಅಂಚನ್ನು ಸವರು. ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳು ಮುಚ್ಚಿಹೋಗಿದ್ದರೆ ಒಳಗೆ ನೀರು ನಿಂತು ಕೊರೆದಿರುತ್ತದೆ. ಹಿಂದಿನ ಚಕ್ರದ ಕಮಾನಿನ ಒಳಮೈ ತಟ್ಟು: ಗಟ್ಟಿ ತಗಡು ಠಣ್ ಅನ್ನುತ್ತದೆ, ಪುಟ್ಟಿ ದಪ್ ಅನ್ನುತ್ತದೆ. ಫ್ರಿಜ್ಜಿನ ಮೇಲೆ ಅಂಟಿಸುವ ಪುಟ್ಟ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೋ, ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡು, ಕಾರ್ಪೆಟ್ ಎತ್ತಿ ಡ್ರೈವರಿನ ಕಾಲಡಿ ನೋಡು. ಕೊನೆಗೆ ಗ್ಯಾರೇಜಿನ ರ‍್ಯಾಂಪಿಗೆ ಹತ್ತಿಸಿ ಅಡಿಭಾಗ ನೋಡು. ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಖುಷಿಪಡಬೇಡ, ಮಾರುವ ವಾರದಲ್ಲಿ ಬಳಿದದ್ದು ಮುಚ್ಚಲಿಕ್ಕೇ ಬಳಿದದ್ದು. ಮೇಲ್ಮೈಯಲ್ಲಿ ಕೆಂಪಾಗಿರುವ ತುಕ್ಕಿಗೆ ಅಂಜಬೇಕಾಗಿಲ್ಲ, ಕರಾವಳಿಯಲ್ಲಿ ಅದಿಲ್ಲದ ಹಳೇ ಕಾರು ಹುಟ್ಟಿಲ್ಲ. ಸ್ಕ್ರೂಡ್ರೈವರಿನ ತುದಿ ಒತ್ತಿದರೆ ಒಳಗಿಳಿಯುವ ತುಕ್ಕು ಬೇರೆ. ಅದು ಛಾಸಿಯ ಉದ್ದಕ್ಕೆ ಹಬ್ಬಿದ್ದರೆ ದರದ ಚರ್ಚೆಯೇ ಬೇಡ, ಚಹಾ ಕುಡಿದು ಎದ್ದು ಬಾ. ಮೀನು ಸಾಗಿಸಿದ ಓಮ್ನಿಗಳಿಗೂ ಇದೇ ಮಾತು. ಐಸು ಕರಗಿದ ಉಪ್ಪುನೀರು ಹಿಂದಿನ ನೆಲಕ್ಕೆ ಇಳಿದಿರುತ್ತದೆ. ವಾಸನೆ ತೊಳೆದರೆ ಹೋಗುತ್ತದೆ, ತೂತು ಹೋಗುವುದಿಲ್ಲ.

ನೆರೆನೀರು ಕುಡಿದ ಗಾಡಿಯ ಬಗ್ಗೆ ಇನ್ನೂ ಎಚ್ಚರ ಬೇಕು. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಸುರಿದ ಮಳೆ ನಿನಗೂ ನೆನಪಿರಬೇಕು, ಪೇಟೆಯ ಅಂಗಡಿಗಳಿಗೇ ನೀರು ನುಗ್ಗಿತ್ತು. ಅಣೆಕಟ್ಟಿನ ಗೇಟು ತೆಗೆದಾಗ ಶರಾವತಿ ದಂಡೆಯ ಊರುಗಳು, ಚಂಡಿಕಾ ಹೊಳೆ ಉಕ್ಕಿದಾಗ ಕತಗಾಲದ ಕಡೆ ನೀರು ಏರುವುದು ನಮಗೆ ಹೊಸತಲ್ಲ. ಮುಳುಗಿದ ಕಾರನ್ನು ಒಣಗಿಸಿ ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆ; ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಇದ್ದರೆ ನೀರು ಎಲ್ಲಿವರೆಗೆ ಬಂದಿತ್ತು ಎಂದು ಅದೇ ಹೇಳುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಹೆಡ್‌ಲೈಟಿನ ಒಳಗೆ ಕಟ್ಟಿದ ಮಂಜು, ಎಸಿ ಹಾಕಿದ ಕೂಡಲೇ ಮೂಗಿಗೆ ಬಡಿಯುವ ಮುಗ್ಗಲು ಇವನ್ನೂ ಗಮನಿಸು. ಹೊಸ ಕಾರುಗಳಲ್ಲಿ ವೈರಿಂಗೂ ಕಂಪ್ಯೂಟರ್ ಪೆಟ್ಟಿಗೆಗಳೂ ಹೆಚ್ಚು, ಹಾಗಾಗಿ ನೀರು ಹೊಕ್ಕ 2016ರ ಕಾರಿಗಿಂತ ಹೊಗದ 2010ರ ಕಾರು ನನ್ನ ಲೆಕ್ಕದಲ್ಲಿ ಮೇಲು.

ಇನ್ನು ಭಟ್ಕಳದ್ದೇ ಆದ ಒಂದು ಸಂಗತಿ. ಮನೆಯೊಡೆಯ ದುಬೈಯಲ್ಲೋ ದಮಾಮಿನಲ್ಲೋ ಇರುತ್ತಾನೆ, ಕಾರು ಇಲ್ಲಿ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ವರ್ಷದಲ್ಲಿ ರಜೆಯ ಒಂದೆರಡು ತಿಂಗಳು ಓಡಾಟ, ಮದುವೆ ಮುಂಜಿ, ಮತ್ತೆ ಹೊದಿಕೆ. ಹನ್ನೆರಡು ವರ್ಷದ ಕಾರಿನ ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರೂ ಇರುವುದಿಲ್ಲ, ಮತ್ತು ಅದು ಸುಳ್ಳೂ ಅಲ್ಲ. ಬ್ರೋಕರ್ ಅದಕ್ಕೆ ಮೇಲಿಂದ ಐವತ್ತು ಸಾವಿರ ಹೆಚ್ಚು ಕೇಳುತ್ತಾನೆ. ಕೊಡಬೇಡ. ನಿಂತ ಕಾರು ಮುದಿಯಾಗುವ ರೀತಿಯೇ ಬೇರೆ. ಬ್ರೇಕ್ ಡಿಸ್ಕು ತುಕ್ಕು ಹಿಡಿಯುತ್ತದೆ, ಬ್ರೇಕ್ ಸಿಲಿಂಡರಿನ ರಬ್ಬರು ಬಿರಿಯುತ್ತದೆ, ಎಸಿಯ ಗ್ಯಾಸು ಸೋರುತ್ತದೆ, ಇಲಿ ವೈರು ಕಡಿಯುತ್ತದೆ. ಟೈರಿನ ಗೀರು ಆಳವಾಗಿಯೇ ಇರುತ್ತದೆ, ಆದರೆ ರಬ್ಬರು ಕಲ್ಲಾಗಿರುತ್ತದೆ. ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಹುಡುಕು: 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರಿಗೆ ದರ ಸೊನ್ನೆ, ನೋಡಲಿಕ್ಕೆ ಎಷ್ಟೇ ಚೆಂದವಿರಲಿ. ಆದರೂ ಮನೆಯಲ್ಲಿದ್ದವರು ವಾರಕ್ಕೊಮ್ಮೆ ಮುರ್ಡೇಶ್ವರದವರೆಗಾದರೂ ಓಡಿಸಿಕೊಂಡು ಬರುತ್ತಿದ್ದರು, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಬಿಲ್ಲು ಇದೆ ಎಂದರೆ ಆ ಕಾರು ನಿಜಕ್ಕೂ ಚಿನ್ನ. ಅಂಥದ್ದು ಸಿಕ್ಕಾಗ ಮೀನಮೇಷ ಎಣಿಸಬೇಡ. ಒಡೆಯ ವಿಮಾನ ಹತ್ತುವ ಮುನ್ನಿನ ವಾರ ದರವೂ ಸಡಿಲಾಗಿರುತ್ತದೆ.

ಓಡಿಸಿ ನೋಡುವುದು ಹೆದ್ದಾರಿಯಲ್ಲಲ್ಲ. ಚತುಷ್ಪಥದ ಮೇಲೆ ಯಾವ ಗಾಡಿಯೂ ರಾಜನೇ. ಕುಮಟೆಯವನ ಕಾರಾದರೆ ದೇವಿಮನೆ ಘಾಟಿ, ಹೊನ್ನಾವರದ್ದಾದರೆ ಗೇರುಸೊಪ್ಪೆ ದಾಟಿ ಮಾಲೆಮನೆ ಘಾಟಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೆ ಹೋಗಬಾರದು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗಬಾರದು, ಒಂದು ಬದಿಗೆ ಎಳೆಯಬಾರದು. ಘಾಟಿಗೆ ಒಯ್ಯಲು ಮಾರುವವನು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಈಗ ದರಕ್ಕೆ ಬರೋಣ. ಜಾಹೀರಾತಿನಲ್ಲಿ ಕಾಣುವುದು ಕೇಳುವ ದರ, ಕೈ ಬದಲಾಗುವ ದರವಲ್ಲ. ಕೈ ಬದಲಾಗುವ ದರ ಗೊತ್ತಿರುವುದು ಮೆಕ್ಯಾನಿಕ್ಕಿಗೆ, ಇನ್ಶೂರೆನ್ಸ್ ಏಜೆಂಟಿಗೆ, ವಾಹನಸಾಲ ಕೊಡುವ ಸೊಸೈಟಿಯ ಗುಮಾಸ್ತನಿಗೆ. ಮೂವರನ್ನೂ ಕೇಳು. ಅದೇ ಮಾಡೆಲ್ಲಿನ ಒಳ್ಳೆಯ ಗಾಡಿ ಈಚೆಗೆ 2,50,000ಕ್ಕೆ ಹೋಗಿದೆ ಅಂದುಕೋ. ನೀನು ನೋಡಿದ್ದಕ್ಕೆ ಬ್ಯಾಟರಿ 4,500, ಕ್ಲಚ್ 9,000, ಮುಂದಿನ ಸಸ್ಪೆನ್ಶನ್ 8,000, ಇನ್ಶೂರೆನ್ಸ್ 7,500, ನಾಲ್ಕು ಟೈರಿಗೆ 16,000 ಬೇಕು ಎಂದು ಮೆಕ್ಯಾನಿಕ್ ಹೇಳಿದ. ಒಟ್ಟು 45,000. ಅಷ್ಟನ್ನೂ ಕಳೆಯಬೇಕು ಎಂದು ನಿನಗೆ ಅನಿಸುತ್ತದೆ, ಆದರೆ ಅದು ನ್ಯಾಯವಲ್ಲ. ಒಳ್ಳೆಯ ಗಾಡಿಯ ಟೈರೂ ಹೊಸದಾಗಿರಲಿಲ್ಲವಲ್ಲ, ಅರ್ಧ ಸವೆದದ್ದೇ. ಆದ್ದರಿಂದ ಟೈರಿಗೆ ಅರ್ಧ, 8,000 ಕಳೆ. ಉಳಿದದ್ದು 2,13,000. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡೇ ಮಾತಿಗೆ ಕೂರು. ಇನ್ನೊಬ್ಬ ಗಿರಾಕಿ ಹೊರಗೆ ಕಾಯುತ್ತಿದ್ದಾನೆ ಎಂದರೂ ಚೀಟಿಯ ಅಂಕಿ ತಿದ್ದಬೇಡ.

ಇನ್ಶೂರೆನ್ಸ್ ಪತ್ರದಲ್ಲಿ ಬರೆದ ಮೌಲ್ಯವನ್ನು ತೋರಿಸಿ ಇದೇ ದರ ಎನ್ನುವವರಿದ್ದಾರೆ. ಐದು ವರ್ಷ ದಾಟಿದ ಕಾರಿಗೆ ಆ ಅಂಕಿ ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಹಾಕಿದ್ದು, ನಾಲ್ಕು ಕಾಸು ಹೆಚ್ಚು ಪ್ರೀಮಿಯಂ ಕಟ್ಟಿದರೆ ಅದೂ ಮೇಲೇರುತ್ತದೆ. ಮಾಲೀಕನ ನೋ ಕ್ಲೇಮ್ ಬೋನಸ್ಸೂ ಕಾರಿನ ಜೊತೆ ನಿನಗೆ ಬರುವುದಿಲ್ಲ, ಅದು ಅವನದು. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕಾದ್ದೇ. ಮಾರುವವನು ಅದಕ್ಕಿಂತ ಹಿಂದಿನ ದರವನ್ನೇ ಹಿಡಿದು ಕೂತಿದ್ದರೆ ನಯವಾಗಿ ನೆನಪಿಸು.

ಬಿಲ್ಲು ಇಟ್ಟುಕೊಂಡವನಿಗೆ ಮಾತ್ರ ಹತ್ತು ಸಾವಿರ ಹೆಚ್ಚು ಕೊಡು, ಚೌಕಾಸಿ ಮಾಡಬೇಡ. ಇದಕ್ಕೊಂದು ಕಾರಣವಿದೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಮಾರುಕಟ್ಟೆಯನ್ನೇ ಇಟ್ಟುಕೊಂಡು ಒಂದು ಪ್ರಬಂಧ ಬರೆದ. 2001ರ ನೊಬೆಲ್ ಹಂಚಿಕೊಂಡವರಲ್ಲಿ ಅವನೂ ಒಬ್ಬ. ಅವನು ಹೇಳಿದ್ದು ಇಷ್ಟೇ: ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಅಂಜಿ ಎಲ್ಲದಕ್ಕೂ ಕಡಿಮೆ ದರವನ್ನೇ ಹೇಳುತ್ತಾನೆ. ಆ ದರಕ್ಕೆ ಒಳ್ಳೆಯ ಗಾಡಿಯವನು ಮಾರುವುದೇ ಇಲ್ಲ, ಪೇಟೆಯಲ್ಲಿ ಉಳಿಯುವುದು ಕೆಟ್ಟ ಗಾಡಿಗಳೇ. ಸರ್ವೀಸ್ ಬಿಲ್ಲಿನ ಕಟ್ಟು ಮಾರುವವನ ಗುಟ್ಟನ್ನು ನಿನ್ನ ಕೈಗೆ ಕೊಡುತ್ತದೆ. ಬಿಲ್ಲಿನಲ್ಲಿ ಪ್ರತಿ ಸಲದ ಕಿಲೋಮೀಟರೂ ಇರುವುದರಿಂದ ಮೀಟರ್ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬಿಲ್ಲಿಲ್ಲವೆಂದರೆ ಬ್ರೇಕ್ ಪೆಡಲಿನ ರಬ್ಬರು ನೋಡು. ನಲವತ್ತು ಸಾವಿರ ಓಡಿದ ಕಾರಿನಲ್ಲಿ ಅದು ನುಣ್ಣಗೆ ಸವೆದಿರಬಾರದು.

ಕಂಪನಿಯೂ ದರದಲ್ಲಿ ಸೇರುತ್ತದೆ. ಮಾರುತಿಯ ಬಿಡಿಭಾಗ ಕುಮಟೆಯಲ್ಲೇ ಸಿಗುತ್ತದೆ. ಷೆವರ್ಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಅವು ಕೆಟ್ಟ ಕಾರುಗಳಲ್ಲ. ಆದರೆ ಒಂದು ಬಿಡಿಭಾಗಕ್ಕೆ ವಾರ ಕಾಯುವ ತಾಳ್ಮೆಯಿದ್ದರೆ ಮಾತ್ರ, ಮತ್ತು ಆ ತಾಳ್ಮೆಯ ಬೆಲೆಯನ್ನು ಮೊದಲೇ ದರದಲ್ಲಿ ಕಳೆದುಕೊಂಡು ಮಾತ್ರ.

ಕಾಗದಪತ್ರದ ವಿಷಯದಲ್ಲಿ ಎರಡು ಕಡೆ ದುಡ್ಡು ಸೋರುತ್ತದೆ. ಒಂದು, ಆರ್‌ಸಿಯ ಆಯುಸ್ಸು. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಲ್ಲಿ ಆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಅದರ ಮೇಲೆ ಹಸಿರು ತೆರಿಗೆ, ತಪಾಸಣೆಗೆ ನಿಲ್ಲಿಸುವ ಮುನ್ನ ಮಾಡಿಸಬೇಕಾದ ರಿಪೇರಿ. ಹದಿನಾಲ್ಕು ವರ್ಷದ ಕಾರು ಅಗ್ಗಕ್ಕೆ ಸಿಗುವುದರ ಗುಟ್ಟು ಇದೇ. ಇನ್ನೊಂದು, ಗೋವಾ ನಂಬರು. ಕಾರವಾರ ದಾಟಿದರೆ ಗೋವಾ, ಅಲ್ಲಿಯ ಕಾರು ಕಣ್ಣಿಗೆ ಅಗ್ಗ. ಆದರೆ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆರ್‌ಟಿಒ ಕಚೇರಿಯಲ್ಲಿ ಆ ತೆರಿಗೆ ಎಷ್ಟಾಗುತ್ತದೆಂದು ಕೇಳಿ, ಕೂಡಿಸಿ, ಆಮೇಲೆ ಹೊನ್ನಾವರದ ಕೆಎ 47 ನಂಬರಿನ ಕಾರಿನ ಜೊತೆ ಹೋಲಿಸು. ಬಹಳ ಸಲ ಅಗ್ಗ ಅಲ್ಲಿಗೇ ಮುಗಿಯುತ್ತದೆ. ದೆಹಲಿಯಲ್ಲಿ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷ ಎಂಬ ಮಿತಿ ಬಂದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಇಳಿಯುವ ಕಾರುಗಳಿಗೂ ಇದೇ ಲೆಕ್ಕ.

ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ಫಾರಂ 35 ಕೊಟ್ಟು ತೆಗೆಸುವವರೆಗೆ ಪೂರ್ತಿ ಹಣ ಕೊಡಬೇಡ. ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ಬಾಕಿ ದಂಡ ಇದೆಯೇ ನೋಡು.

ಮಾರುವವನು ಯಾರೆಂದೂ ನೋಡು. ಬ್ರೋಕರಿನ ಜೊತೆ ಎಷ್ಟು ಬೇಕಾದರೂ ಎಳೆದಾಡು, ಅದು ಅವನ ಕಸುಬು. ಮಗಳ ಫೀಸಿಗೋ ಮಣಿಪಾಲದ ಆಸ್ಪತ್ರೆ ಬಿಲ್ಲಿಗೋ ಕಾರು ಮಾರುತ್ತಿರುವವನ ಎದುರು ಜೇಬಿನ ಚೀಟಿಯ ಅಂಕಿಯನ್ನೇ ಮೊದಲ ಮಾತಿಗೆ ಹೇಳಿಬಿಡು, ಅವನ ಅವಸರದಿಂದ ಹತ್ತು ಸಾವಿರ ಹಿಂಡಬೇಡ. ಇದು ಸಣ್ಣ ಊರು ಮಾರಾಯ, ನಾಳೆ ಕುಮಟೆಯ ಬುಧವಾರ ಸಂತೆಯಲ್ಲಿ ಅವನೇ ಎದುರು ಸಿಗುತ್ತಾನೆ.

ಹಣವನ್ನು ಬ್ಯಾಂಕಿನಿಂದಲೇ ಕಳಿಸು. ಫಾರಂ 29, 30ಕ್ಕೆ ಸಹಿ ಹಾಕುವಾಗ ಖಾಲಿ ಬಿಡಬೇಡ, ನಿನ್ನ ಹೆಸರು ತುಂಬಿಸಿಯೇ ಹಾಕಿಸು. ಒಂದೇ ರಾಜ್ಯದೊಳಗಾದರೆ ಮಾರಿದವನು 14 ದಿನದೊಳಗೆ, ಕೊಂಡ ನೀನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕಾರು ಎಷ್ಟು ಕೈ ದಾಟಿದರೂ ಆರ್‌ಸಿಯಲ್ಲಿ ಹೆಸರಿರುವವನೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಹಾಗಾಗಿ ಈ ಅವಸರ ಅವನಿಗೂ ಇರಬೇಕು. ಇನ್ಶೂರೆನ್ಸನ್ನೂ 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸು. ಕೀಲಿ ಕೈಗೆ ಬರುವ ಮುನ್ನ ಒಂದು ಹಾಳೆಯಲ್ಲಿ ತಾರೀಕಿನ ಜೊತೆ ಗಂಟೆ, ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕಿ. ಆ ನಿಮಿಷದ ಹಿಂದಿನ ದಂಡವೆಲ್ಲ ಅವನದು, ಮುಂದಿನದೆಲ್ಲ ನಿನ್ನದು. ಎರಡನೇ ಕೀಲಿಯನ್ನು ಆಗಲೇ ಕೇಳಿ ಇಸಿದುಕೋ, ಆಮೇಲೆ ಅದು ಸಿಗುವುದಿಲ್ಲ.