ಸಾಲಿನೊಳಗೆ ಅಡಗಿದ ಚಿತ್ರ

ಮಕ್ಕಳೇ, ಈ ಅಂಕಿಗಳ ಸಾಲನ್ನು ನೋಡಿ.

00100011101111110001101011010111111

ಇದರಲ್ಲಿ ಇರುವುದು ಬರೀ ಸೊನ್ನೆ ಮತ್ತು ಒಂದು. ಎಣಿಸಿದರೆ ಒಟ್ಟು 35 ಅಂಕಿಗಳು. ಇದರೊಳಗೆ ಒಂದು ಚಿತ್ರ ಅಡಗಿದೆ ಎಂದರೆ ನಂಬುತ್ತೀರಾ? ಬನ್ನಿ, ಹುಡುಕೋಣ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಚೌಕಗಳಿರುವ ಗಣಿತ ಪುಸ್ತಕದ ಒಂದು ಹಾಳೆ, ಪೆನ್ಸಿಲ್.

ಮೊದಲು ಅಡ್ಡಲಾಗಿ 7 ಚೌಕ, ಕೆಳಮುಖವಾಗಿ 5 ಚೌಕ ಗುರುತಿಸಿಕೊಳ್ಳಿ. ಮೇಲಿನ ಎಡಮೂಲೆಯಿಂದ ಆರಂಭಿಸಿ ಚೌಕಕ್ಕೊಂದರಂತೆ ಅಂಕಿಗಳನ್ನು ಬರೆಯುತ್ತಾ ಹೋಗಿ. ಒಂದು ಸಾಲು ತುಂಬಿದ ಕೂಡಲೇ ಕೆಳಗಿನ ಸಾಲಿಗೆ ಇಳಿಯಿರಿ. ಎಲ್ಲವೂ ಮುಗಿದ ಮೇಲೆ 1 ಇರುವ ಚೌಕಗಳಿಗೆ ಮಾತ್ರ ಪೆನ್ಸಿಲಿನಿಂದ ಬಣ್ಣ ತುಂಬಿ. ಏನಾದರೂ ಕಾಣಿಸಿತೇ? ಇಲ್ಲ, ಬರೀ ಗೊಂದಲ!

ಈಗ ಅಡ್ಡಲಾಗಿ 5 ಚೌಕ, ಕೆಳಮುಖವಾಗಿ 7 ಚೌಕ ಗುರುತಿಸಿ ಅದೇ ಅಂಕಿಗಳನ್ನು ಮತ್ತೆ ತುಂಬಿ, ಬಣ್ಣ ಹಚ್ಚಿ. ಇಳಿಜಾರು ಮಾಡು, ಎರಡು ಗೋಡೆ, ನಡುವೆ ಬಾಗಿಲು ಇರುವ ಪುಟ್ಟ ಮನೆ ಕಾಣಿಸುತ್ತದೆ!

ಅಂಕಿಗಳು ಬದಲಾಗಲಿಲ್ಲ, ಅವುಗಳ ಕ್ರಮವೂ ಬದಲಾಗಲಿಲ್ಲ. ಬದಲಾದದ್ದು ಒಂದೇ: ಸಾಲನ್ನು ಎಷ್ಟೆಷ್ಟಕ್ಕೆ ಕತ್ತರಿಸಿದೆವು ಎಂಬುದು.

ಕಂಪ್ಯೂಟರಿಗೆ ಹೇಳುವುದು ಹೇಗೆ?

ಕಂಪ್ಯೂಟರಿಗೆ ಚೌಕಗಳ ಹಾಳೆ ಇಲ್ಲ. ಅದು ಅಂಕಿಗಳನ್ನು ಪಟ್ಟಿಯಾಗಿ ಇಟ್ಟುಕೊಳ್ಳುತ್ತದೆ. ಇಂಥ ಪಟ್ಟಿಗೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ‘ಅರೇ’ ಎಂದು ಹೆಸರು. ನಾವು ಕೊಡಬೇಕಾದ ಸೂಚನೆಗಳು ಹೀಗಿರುತ್ತವೆ:

1. ಖಾಲಿಯಾದ ಒಂದು ದೊಡ್ಡ ಪಟ್ಟಿ ಇಟ್ಟುಕೋ.
2. ಉದ್ದನೆಯ ಸಾಲಿನಿಂದ ಮುಂದಿನ 5 ಅಂಕಿಗಳನ್ನು ತೆಗೆದು ಒಂದು ಚಿಕ್ಕ ಪಟ್ಟಿ ಮಾಡು.
3. ಆ ಚಿಕ್ಕ ಪಟ್ಟಿಯನ್ನು ದೊಡ್ಡ ಪಟ್ಟಿಯ ಕೊನೆಗೆ ಸೇರಿಸು.
4. ಅಂಕಿಗಳು ಇನ್ನೂ ಉಳಿದಿದ್ದರೆ 2ನೇ ಸೂಚನೆಗೆ ಹೋಗು. ಮುಗಿದಿದ್ದರೆ ನಿಲ್ಲು.

ಕೊನೆಗೆ ಸಿಗುವುದು ಇದು:

[ [0,0,1,0,0], [0,1,1,1,0], [1,1,1,1,1], [1,0,0,0,1], [1,0,1,0,1], [1,0,1,0,1], [1,1,1,1,1] ]

ಹೊರಗಿನ ಆವರಣ ದೊಡ್ಡ ಪಟ್ಟಿ. ಅದರೊಳಗೆ ಏಳು ಚಿಕ್ಕ ಪಟ್ಟಿಗಳು. ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿಗಳನ್ನು ಜೋಡಿಸಿಟ್ಟ ಹಾಗೆ. ಪಟ್ಟಿಯೊಳಗೆ ಪಟ್ಟಿ ಇರುವ ಈ ರಚನೆಯೇ ‘ನೆಸ್ಟೆಡ್ ಅರೇ’.

ಭಾಗಾಕಾರವೇ ವಿಳಾಸ

ಉದ್ದನೆಯ ಸಾಲಿನಲ್ಲಿದ್ದ ಒಂದು ಅಂಕಿ ಈಗ ಯಾವ ಚಿಕ್ಕ ಪಟ್ಟಿಯಲ್ಲಿದೆ? ಅದನ್ನು ತಿಳಿಯಲು ನೀವು ಕಲಿತ ಭಾಗಾಕಾರವೇ ಸಾಕು. ಒಂದು ವಿಷಯ ನೆನಪಿಡಿ: ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ ಎಣಿಕೆ 1ರಿಂದಲ್ಲ, 0ಯಿಂದ ಆರಂಭವಾಗುತ್ತದೆ. ಮೊದಲ ಅಂಕಿಯ ಸ್ಥಾನ 0, ಎರಡನೆಯದರ ಸ್ಥಾನ 1.

ಸ್ಥಾನ 13ರಲ್ಲಿರುವ ಅಂಕಿಯನ್ನು ತೆಗೆದುಕೊಳ್ಳಿ. 13ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 3. ಭಾಗಲಬ್ಧವೇ ಚಿಕ್ಕ ಪಟ್ಟಿಯ ಸಂಖ್ಯೆ, ಶೇಷವೇ ಆ ಪಟ್ಟಿಯೊಳಗಿನ ಸ್ಥಾನ. ಹಿಂದಕ್ಕೆ ಹೋಗುವುದೂ ಸುಲಭ: 2 × 5 + 3 = 13.

38 ಅಂಕಿಗಳಿದ್ದರೆ ಏನಾಗುತ್ತಿತ್ತು? ಐದೈದರ ಏಳು ಪಟ್ಟಿಗಳಾಗಿ 3 ಅಂಕಿಗಳು ಉಳಿಯುತ್ತಿದ್ದವು. ಕೊನೆಯ ಪಟ್ಟಿಯನ್ನು ಚಿಕ್ಕದಾಗಿಯೇ ಬಿಡಬೇಕೇ, ಸೊನ್ನೆ ಸೇರಿಸಿ ತುಂಬಬೇಕೇ, ‘ಲೆಕ್ಕ ಸರಿಹೋಗುತ್ತಿಲ್ಲ’ ಎಂದು ಹೇಳಿ ನಿಲ್ಲಬೇಕೇ? ಇದನ್ನು ಪ್ರೋಗ್ರಾಮ್ ಬರೆಯುವವರೇ ಮೊದಲು ತೀರ್ಮಾನಿಸಬೇಕು. 38 ಮಕ್ಕಳನ್ನು ಗುಂಪು ಮಾಡುವಾಗ ಕೊನೆಯ ಗುಂಪಿನಲ್ಲಿ ಮೂವರೇ ಇದ್ದರೂ ತೊಂದರೆಯಿಲ್ಲ. ಆದರೆ ಚಿತ್ರದಲ್ಲಿ ಅಂಕಿಗಳು ಉಳಿದರೆ, ನಾವು ಆರಿಸಿದ ಅಗಲವೇ ತಪ್ಪಿರಬಹುದು.

ನಕ್ಷತ್ರಗಳಿಗೆ ಕಳಿಸಿದ ಒಗಟು

ನಿಮಗೆ ಮನೆಯ ಚಿತ್ರ ಸಿಕ್ಕಿದ್ದು ‘5 ಚೌಕ’ ಎಂದು ನಾನು ಹೇಳಿದ್ದರಿಂದ. ಹೇಳುವವರೇ ಇಲ್ಲದಿದ್ದರೆ?

1974ರ ನವೆಂಬರ್ 16ರಂದು ಪೋರ್ಟೊರಿಕೊ ದ್ವೀಪದ ಅರೆಸಿಬೊ ಎಂಬಲ್ಲಿದ್ದ ಬೃಹತ್ ರೇಡಿಯೊ ದೂರದರ್ಶಕದಿಂದ ಆಕಾಶಕ್ಕೆ ಒಂದು ಸಂದೇಶ ಕಳಿಸಲಾಯಿತು. ಅದನ್ನು ಸಿದ್ಧಪಡಿಸಿದವರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಪ್ರಮುಖರು. ಕಾರ್ಲ್ ಸೇಗನ್ ಮುಂತಾದವರು ನೆರವಾದರು. ಸಂದೇಶದ ಗುರಿ ಸುಮಾರು 25,000 ಜ್ಯೋತಿರ್ವರ್ಷ ದೂರದ ಎಂ-13 ಎಂಬ ನಕ್ಷತ್ರ ಗುಚ್ಛ. ಸಂದೇಶದಲ್ಲಿ ಇದ್ದದ್ದು ಕೇವಲ 1679 ಸೊನ್ನೆ-ಒಂದುಗಳ ಉದ್ದನೆಯ ಸಾಲು!

ಅಲ್ಲಿ ಯಾರಾದರೂ ಇದ್ದರೂ ಅವರಿಗೆ ನಮ್ಮ ಯಾವ ಭಾಷೆಯೂ ತಿಳಿದಿರುವುದಿಲ್ಲ. ಹಾಗಾದರೆ ಸಾಲನ್ನು ಎಷ್ಟೆಷ್ಟಕ್ಕೆ ಕತ್ತರಿಸಬೇಕು ಎಂದು ತಿಳಿಸುವುದು ಹೇಗೆ? ಸುಳಿವು ಆ ಸಂಖ್ಯೆಯಲ್ಲೇ ಇತ್ತು. 1679 = 23 × 73. ಎರಡೂ ಅವಿಭಾಜ್ಯ ಸಂಖ್ಯೆಗಳು. ಆದ್ದರಿಂದ ಶೇಷ ಉಳಿಯದಂತೆ ಆಯತವಾಗಿ ಜೋಡಿಸಲು ಇರುವುದು ಎರಡೇ ದಾರಿ. ಅಡ್ಡಲಾಗಿ 73 ಇಟ್ಟರೆ ಗೊಂದಲ. ಅಡ್ಡಲಾಗಿ 23 ಇಟ್ಟರೆ ಚಿತ್ರ: 1ರಿಂದ 10ರವರೆಗಿನ ಸಂಖ್ಯೆಗಳು, ಡಿಎನ್‌ಎ, ಒಬ್ಬ ಮನುಷ್ಯನ ಆಕೃತಿ, ಸೌರವ್ಯೂಹ, ದೂರದರ್ಶಕದ ಆಕಾರ!

ಒಂದೇ ಒಂದು ಅಂಕಿ ಹೆಚ್ಚಾಗಿ 1680 ಆಗಿದ್ದರೆ? 1680ಕ್ಕೆ 40 ಅಪವರ್ತನಗಳಿವೆ. ಯಾವ ಅಗಲ ಸರಿ ಎಂದು ಹುಡುಕುವವರು ಸುಸ್ತಾಗುತ್ತಿದ್ದರು. 1679ಕ್ಕೆ ಇರುವುದು ನಾಲ್ಕೇ: 1, 23, 73 ಮತ್ತು 1679.

ಆ ದೂರದರ್ಶಕ 2020ರ ಡಿಸೆಂಬರ್ 1ರಂದು ಕುಸಿದುಬಿತ್ತು. ಆದರೆ ಸಂದೇಶ ಬೆಳಕಿನ ವೇಗದಲ್ಲಿ ಇಂದಿಗೂ ಸಾಗುತ್ತಲೇ ಇದೆ.

ನೀವೇ ಪ್ರಯತ್ನಿಸಿ

1. ಮನೆಯ ಚಿತ್ರದಲ್ಲಿ ಸ್ಥಾನ 22ರಲ್ಲಿರುವ ಅಂಕಿ ಎಷ್ಟನೆಯ ಚಿಕ್ಕ ಪಟ್ಟಿಯಲ್ಲಿ, ಎಷ್ಟನೆಯ ಸ್ಥಾನದಲ್ಲಿದೆ? 0ಯಿಂದ ಎಣಿಸಿ.
2. 77 ಅಂಕಿಗಳ ಸಾಲನ್ನು ಎಷ್ಟು ಬಗೆಯ ಆಯತಗಳಾಗಿ ಜೋಡಿಸಬಹುದು? 72 ಅಂಕಿಗಳಿದ್ದರೆ? ಒಗಟು ಕಳಿಸಲು ಯಾವುದು ಉತ್ತಮ, ಏಕೆ?
3. ಅಡ್ಡಲಾಗಿ 7, ಕೆಳಮುಖವಾಗಿ 11 ಚೌಕಗಳಲ್ಲಿ ನಿಮ್ಮದೇ ಚಿತ್ರ ಬರೆದು, ಅದನ್ನು ಒಂದೇ ಸಾಲಿನ ಅಂಕಿಗಳಾಗಿ ಮಾಡಿ ಗೆಳೆಯರಿಗೆ ಕೊಡಿ. ಅಗಲ ಎಷ್ಟೆಂದು ಮಾತ್ರ ಹೇಳಬೇಡಿ. ಅವರು ಚಿತ್ರ ಕಂಡುಹಿಡಿಯುತ್ತಾರೆಯೇ ನೋಡಿ.